ಮಧುಗಿರಿಗೆ ಬಿರುಗಾಳಿಯ ‘ಸಾಧ್ಯತೆ’: ಒಂದು ಮುನ್ಸೂಚನೆಯ ವಿಮರ್ಶೆ

‘ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳಲ್ಲಿ ಗುಡುಗು ಸಹಿತ ಜೋರು ಮಳೆ ಹಾಗೂ ಬಿರುಗಾಳಿಯ ಸಾಧ್ಯತೆ ಇದೆ.’ ಅಶ್ವಿನಿ ಮಳೆ ಹುಟ್ಟಿದಾಗಿನಿಂದ ಕೃತ್ತಿಕಾ ಮಳೆ ಮುಗಿಯುವ ತನಕ, ಅಂದರೆ ಏಪ್ರಿಲ್ ಮಧ್ಯದಿಂದ ಮೇ ಕೊನೆಯವರೆಗೆ, ಇಂತಹ ವಾಕ್ಯ ಪತ್ರಿಕೆಯಲ್ಲೋ ಟಿ.ವಿ. ಪರದೆಯ ಕೆಳಗಿನ ಪಟ್ಟಿಯಲ್ಲೋ ಮೊಬೈಲಿನಲ್ಲೋ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಮಳೆ ಬಂದರೆ ‘ಮೊದಲೇ ಹೇಳಿದ್ದರು’ ಎನ್ನುತ್ತೇವೆ. ಬಾರದಿದ್ದರೆ ‘ಇವರು ಹೇಳಿದ್ದು ಯಾವತ್ತು ಆಗಿದೆ’ ಎಂದು ನಗುತ್ತೇವೆ. ಎರಡೂ ವಿಮರ್ಶೆಯಲ್ಲ. ಮುನ್ಸೂಚನೆಯೂ ಒಂದು ವೈಜ್ಞಾನಿಕ ಹೇಳಿಕೆ. ಅದನ್ನು ಪ್ರಯೋಗಶಾಲೆಯ ಫಲಿತಾಂಶದಂತೆ ಪರೀಕ್ಷೆಗೆ ಒಡ್ಡಬೇಕು. ಹಾಗೆ ಒಡ್ಡಿದಾಗ ಮೇಲಿನ ವಾಕ್ಯದ ದೋಷ ಅದು ಸುಳ್ಳಾಗುತ್ತದೆ ಎಂಬುದಲ್ಲ, ಅದು ಸುಳ್ಳಾಗಲು ಅವಕಾಶವೇ ಇಲ್ಲದಂತೆ ರಚಿತವಾಗಿದೆ ಎಂಬುದು.

ಮೊದಲು ‘ಸಾಧ್ಯತೆ’ ಎಂಬ ಪದವನ್ನೇ ನೋಡೋಣ. ಭಾರತ ಹವಾಮಾನ ಇಲಾಖೆಯ ಇಂಗ್ಲಿಷ್ ಪ್ರಕಟಣೆಗಳಲ್ಲಿ ಈ ಜಾಗದಲ್ಲಿ ನಾಲ್ಕು ದರ್ಜೆಗಳಿವೆ. ಸಂಭಾವ್ಯತೆ ಶೇ. 25ಕ್ಕಿಂತ ಕಡಿಮೆ ಇದ್ದರೆ ಒಂದು ಪದ, 25ರಿಂದ 50ರವರೆಗೆ ಇನ್ನೊಂದು, 50ರಿಂದ 75ರವರೆಗೆ ಮತ್ತೊಂದು, ಅದಕ್ಕೂ ಮೇಲೆ ನಾಲ್ಕನೆಯದು. ವಿಸ್ತಾರಕ್ಕೂ ಹೀಗೆಯೇ ಅಳತೆ ಇದೆ. ಪ್ರದೇಶದ ಮಾಪನ ಕೇಂದ್ರಗಳಲ್ಲಿ ಶೇ. 25ರಷ್ಟರಲ್ಲಿ ಮಾತ್ರ ಮಳೆ ನಿರೀಕ್ಷಿತವಾದರೆ ‘ಒಂದೆರಡು ಕಡೆ’, 50ರವರೆಗೆ ‘ಕೆಲವು ಕಡೆ’, 75ರವರೆಗೆ ‘ಹಲವು ಕಡೆ’, ಅದನ್ನು ಮೀರಿದರೆ ‘ಬಹುತೇಕ ಕಡೆ’. ಈ ಎರಡನೆಯ ಸರಣಿ ಕನ್ನಡಕ್ಕೆ ಸೊಗಸಾಗಿ ಬಂದಿದೆ. ಬೆಂಗಳೂರಿನ ಹವಾಮಾನ ಕೇಂದ್ರದ ಪ್ರಕಟಣೆಗಳನ್ನು ಆಕಾಶವಾಣಿಯಲ್ಲಿ ಕೇಳಿದವರಿಗೆಲ್ಲ ಅದು ಪರಿಚಿತ. ಮೊದಲನೆಯ ಸರಣಿ ಮಾತ್ರ ಬರಲೇ ಇಲ್ಲ. ಶೇ. 30 ಆಗಲಿ, 70 ಆಗಲಿ, ಕನ್ನಡದಲ್ಲಿ ಎಲ್ಲವೂ ‘ಸಾಧ್ಯತೆ ಇದೆ’. ಮುನ್ಸೂಚಕರ ಮೇಜಿನ ಮೇಲಿದ್ದ ಅಂಕಿ ಅನುವಾದದಲ್ಲಿ ಕರಗಿಹೋಯಿತು. ಪತ್ರಿಕೆಯ ಶೀರ್ಷಿಕೆಗೆ ಬರುವಷ್ಟರಲ್ಲಿ ‘ಒಂದೆರಡು ಕಡೆ’ ಕೂಡ ಬಿದ್ದುಹೋಗಿ ಪೂರ್ತಿ ನಾಲ್ಕು ತಾಲ್ಲೂಕುಗಳೇ ಉಳಿಯುತ್ತವೆ.

ಈ ನಷ್ಟ ಎಷ್ಟು ದೊಡ್ಡದೆಂಬುದನ್ನು ಒಂದು ಸ್ಥೂಲ ಲೆಕ್ಕದಿಂದ ತಿಳಿಯಬಹುದು. ಸಂಭಾವ್ಯತೆ ಹೆಚ್ಚೆಂದರೆ ಶೇ. 50, ವಿಸ್ತಾರ ‘ಒಂದೆರಡು ಕಡೆ’ ಎಂದರೆ ಹೆಚ್ಚೆಂದರೆ ಶೇ. 25. ಎರಡನ್ನೂ ಗುಣಿಸಿದರೆ ಯಾವುದೋ ಒಂದು ನಿರ್ದಿಷ್ಟ ಹಳ್ಳಿಯಲ್ಲಿ ಗುಡುಗು ಮಳೆಯಾಗುವ ಸಂಭಾವ್ಯತೆ ಶೇ. 12.5, ಅಂದರೆ ಎಂಟರಲ್ಲಿ ಒಂದು ಪಾಲು. ಇನ್ನೊಂದು ದಾರಿಯಿಂದಲೂ ಹೋಗಬಹುದು. ನಾಲ್ಕು ತಾಲ್ಲೂಕುಗಳ ಒಟ್ಟು ವಿಸ್ತೀರ್ಣ ಸುಮಾರು ನಾಲ್ಕೂವರೆ ಸಾವಿರ ಚದರ ಕಿ.ಮೀ. ಒಂದು ಸಂಜೆ ಅಲ್ಲಿ ಮೂರು ಗುಡುಗು ಮೋಡಗಳು ಎದ್ದು, ಪ್ರತಿಯೊಂದೂ 150 ಚದರ ಕಿ.ಮೀ. ನೆಲದ ಮೇಲೆ ಹಾದುಹೋಯಿತೆಂದು ಇಟ್ಟುಕೊಳ್ಳೋಣ. ಒಟ್ಟು 450 ಚದರ ಕಿ.ಮೀ., ಹತ್ತನೆಯ ಒಂದು ಭಾಗ. ಮುನ್ಸೂಚನೆ ಅಕ್ಷರಶಃ ನಿಜವಾಗಿದೆ. ಆದರೂ ಹತ್ತರಲ್ಲಿ ಒಂಬತ್ತು ಊರಿನವರು ಒಣ ಆಕಾಶ ನೋಡಿ ಅದು ಸುಳ್ಳಾಯಿತೆಂದೇ ಹೇಳುತ್ತಾರೆ. ಅವರ ಅನುಭವವೂ ನಿಜ. ಇಬ್ಬರ ನಡುವಿನ ಜಗಳಕ್ಕೆ ಕಾರಣ ಮುಚ್ಚಿಟ್ಟ ಅಂಕಿ.

ಹಾಗಾದರೆ ಯಾವ ಹಳ್ಳಿ ಎಂದು ಹೇಳಿಬಿಡಲಿ ಎನ್ನಬಹುದು. ಇಲ್ಲಿ ಭೌತವಿಜ್ಞಾನ ಅಡ್ಡ ಬರುತ್ತದೆ. ಒಂಟಿ ಗುಡುಗು ಮೋಡದ ಅಗಲ ಸುಮಾರು 10 ಕಿ.ಮೀ., ಆಯುಸ್ಸು ಅರ್ಧ ಗಂಟೆಯಿಂದ ಒಂದು ಗಂಟೆ. ಬೆಳಗಿನ ಬಿಸಿಲು ಯಾವ ಬಂಡೆಯನ್ನು ಎಷ್ಟು ಕಾಯಿಸಿತು, ಹಿಂದಿನ ದಿನ ಯಾವ ಹೊಲ ನೆನೆದಿತ್ತು, ಪಕ್ಕದ ಮೋಡದಿಂದ ಇಳಿದ ತಣ್ಣನೆಯ ಗಾಳಿ ಎತ್ತ ಹರಿಯಿತು ಎಂಬ ಚಿಕ್ಕ ಕಾರಣಗಳು ಅದು ಹುಟ್ಟುವ ಜಾಗವನ್ನು ನಿರ್ಧರಿಸುತ್ತವೆ. 2025ರ ಮೇ ತಿಂಗಳಲ್ಲಿ ಬಳಕೆಗೆ ಬಂದ ‘ಭಾರತ್ ಫೋರ್ಕಾಸ್ಟ್ ಸಿಸ್ಟಮ್’ ಎಂಬ ಗಣಕ ಮಾದರಿ ಭೂಮಿಯನ್ನು 6 ಕಿ.ಮೀ. ಚೌಕಗಳಾಗಿ ವಿಂಗಡಿಸುತ್ತದೆ. ಅದಕ್ಕೆ ಮುಂಚೆ ಈ ಅಳತೆ 12 ಕಿ.ಮೀ. ಇತ್ತು. ಇದು ನಿಜವಾದ ಪ್ರಗತಿ, ಅದರಲ್ಲಿ ಅನುಮಾನವಿಲ್ಲ. ಆದರೆ 10 ಕಿ.ಮೀ. ಅಗಲದ ಮೋಡ 6 ಕಿ.ಮೀ. ಬಲೆಯಲ್ಲಿ ಎರಡು ಕಣ್ಣುಗಳಷ್ಟೂ ತುಂಬುವುದಿಲ್ಲ. ಒಂದು ತರಂಗವನ್ನು ಚೆನ್ನಾಗಿ ಚಿತ್ರಿಸಲು ಅದರ ಉದ್ದಕ್ಕೆ ಐದಾರು ಬಿಂದುಗಳಾದರೂ ಬೇಕೆಂಬುದು ಗ್ರಾಫ್ ಎಳೆದ ಪ್ರತಿ ವಿದ್ಯಾರ್ಥಿಗೂ ಗೊತ್ತು. ಆದ್ದರಿಂದ ನಾಳೆಯ ಗುಡುಗು ಮಳೆಗೆ ಇಂದು ತಾಲ್ಲೂಕಿನ ಹೆಸರು ಹಚ್ಚುವುದು, ಒಂದು ಮೀಟರ್ ಪಟ್ಟಿಯಿಂದ ಅಳೆದು ಮೂರು ದಶಾಂಶ ಸ್ಥಾನಗಳವರೆಗೆ ಉತ್ತರ ಬರೆದಂತೆ. 2024ರ ಅಕ್ಟೋಬರಿನಲ್ಲಿ ಗ್ರಾಮ ಪಂಚಾಯಿತಿ ಮಟ್ಟದ ಮುನ್ಸೂಚನೆಯೂ ಆರಂಭವಾಯಿತು. ಉಷ್ಣತೆ, ಆರ್ದ್ರತೆಗಳಿಗೆ ಅದು ಉಪಯುಕ್ತ. ಗುಡುಗಿಗೆ ಮಾತ್ರ ಪಂಚಾಯಿತಿಯ ಗಡಿ ತೋರಿಸುವುದು ಕೇವಲ ಅಲಂಕಾರ.

ಎರಡು ಮೂರು ಗಂಟೆಗಳ ಮುನ್ಸೂಚನೆಯ ಮಾತು ಬೇರೆ. ಮೋಡ ಆಗಲೇ ಹುಟ್ಟಿರುತ್ತದೆ, ಅದರ ಚಲನೆಯನ್ನು ಹಿಂಬಾಲಿಸಿದರೆ ಸಾಕು. ಇಲ್ಲಿ ತಾಲ್ಲೂಕಿನ ಹೆಸರು ಹೇಳುವುದು ನ್ಯಾಯವೇ. ಆದರೆ ಹಿಂಬಾಲಿಸಲು ರಾಡಾರ್ ಬೇಕು, ಅದು ಹತ್ತಿರವಿರಬೇಕು. ರಾಡಾರಿನ ಕಿರಣ ನೆಲಕ್ಕೆ ಅರ್ಧ ಡಿಗ್ರಿ ಮೇಲಕ್ಕೆ ಹೊರಟು ಹೆಚ್ಚು ಕಡಿಮೆ ನೇರವಾಗಿ ಸಾಗುತ್ತದೆ. ಭೂಮಿ ಮಾತ್ರ ಕೆಳಕ್ಕೆ ಬಾಗುತ್ತ ಹೋಗುತ್ತದೆ. ವಾಯುಮಂಡಲದ ವಕ್ರೀಭವನವನ್ನು ಲೆಕ್ಕಕ್ಕೆ ತರಲು ಭೂಮಿಯ ತ್ರಿಜ್ಯವನ್ನು ಮೂರನೆಯ ನಾಲ್ಕರಷ್ಟು, ಅಂದರೆ ಸುಮಾರು 8,500 ಕಿ.ಮೀ. ಎಂದು ತೆಗೆದುಕೊಳ್ಳುವುದು ವಾಡಿಕೆ. ಚೆನ್ನೈಯಿಂದ ಮಧುಗಿರಿಗೆ ನೇರ ದೂರ ಸುಮಾರು 340 ಕಿ.ಮೀ. ಓರೆಯಿಂದಾಗಿ ಕಿರಣ ಏರುವುದು 340 × 0.0087 = 3 ಕಿ.ಮೀ. ಭೂಮಿಯ ಬಾಗುವಿಕೆಯಿಂದ 340 × 340 ÷ (2 × 8,500) = 6.8 ಕಿ.ಮೀ. ಒಟ್ಟು ಹತ್ತು ಕಿ.ಮೀ. ಸಮೀಪ! ಚೆನ್ನೈನ ರಾಡಾರಿಗೆ ಮಧುಗಿರಿಯ ಮೋಡದ ತಲೆ ಮಾತ್ರ ಕಂಡೀತು. ಅದರ ಹೊಟ್ಟೆಯಲ್ಲಿ ಬೆಳೆಯುತ್ತಿರುವ ಆಲಿಕಲ್ಲಾಗಲಿ ಕೆಳಗೆ ಸುರಿಯುತ್ತಿರುವ ಗಾಳಿಯಾಗಲಿ ಕಾಣದು. ಹೈದರಾಬಾದ್, ಗೋವಾಗಳು ಇನ್ನೂ ದೂರ. ಇದೇ ಲೆಕ್ಕವನ್ನು ಬೆಂಗಳೂರಿನಷ್ಟು ದೂರಕ್ಕೆ, ಅಂದರೆ 87 ಕಿ.ಮೀ.ಗೆ, ಮಾಡಿದರೆ ಕಿರಣದ ಎತ್ತರ 1.2 ಕಿ.ಮೀ. ಬರುತ್ತದೆ. ಹತ್ತಿಪ್ಪತ್ತು ಸೆಕೆಂಡಿನಲ್ಲಿ ಮುಗಿಯುವ ಈ ಲೆಕ್ಕವನ್ನು ತರಗತಿಯಲ್ಲಿ ಮಾಡಿಸಬಹುದು. ಮುನ್ಸೂಚನೆ ಎಡವಿದಾಗ ಮುನ್ಸೂಚಕರನ್ನು ಬೈಯುವ ಮೊದಲು ಅವರ ಕಣ್ಣು ಎಲ್ಲಿದೆ ಎಂದು ಕೇಳಬೇಕು.

ಈಗ ಬಿರುಗಾಳಿ. ಈ ನಾಲ್ಕು ತಾಲ್ಲೂಕುಗಳ ಮಟ್ಟಿಗೆ ಮುನ್ಸೂಚನೆಯ ಮುಖ್ಯ ಪದ ಇದೇ, ಅತಿ ಕಡಿಮೆ ವಿವರಣೆ ಪಡೆದಿರುವ ಪದವೂ ಇದೇ. ಗಂಟೆಗೆ 30–40 ಕಿ.ಮೀ. ವೇಗದ ಬೀಸುಗಾಳಿಗೂ ‘ಬಿರುಗಾಳಿ’, 60 ದಾಟಿದ ಗಾಳಿಗೂ ‘ಬಿರುಗಾಳಿ’. ಇಲಾಖೆಯ ಮೂರು ಗಂಟೆಗಳ ಮುನ್ಸೂಚನೆಯಲ್ಲಿ ಗುಡುಗು ಮಳೆ ‘ತೀವ್ರ’ ಎನಿಸಿಕೊಳ್ಳಬೇಕಾದರೆ ಗಾಳಿಯ ವೇಗ 62ರಿಂದ 87 ಕಿ.ಮೀ. ಇರಬೇಕು. ಇನ್ನು ಕ್ಷಣಕಾಲದ ಹೊಡೆತವೇ ಬೇರೆ, ಕನಿಷ್ಠ ಒಂದು ನಿಮಿಷ ನಿಲ್ಲುವ, ವೇಗ ಇದ್ದಕ್ಕಿದ್ದಂತೆ ಸುಮಾರು 30 ಕಿ.ಮೀ. ಏರಿ 40ನ್ನು ಮುಟ್ಟುವ ಗಾಳಿಯೇ ಬೇರೆ. ಇಂಗ್ಲಿಷಿನಲ್ಲಿ ಇವೆರಡಕ್ಕೆ ಎರಡು ಪದಗಳಿವೆ. ಕನ್ನಡ ವಾರ್ತೆಗಳಲ್ಲಿ ಎರಡೂ ಒಂದೇ. ಕೆಲವೊಮ್ಮೆ ಉತ್ಸಾಹದಲ್ಲಿ ‘ಸುಂಟರಗಾಳಿ’ ಆಗುವುದೂ ಉಂಟು.

ಪದ ಹೋಗಲಿ, ಅಂಕಿಯನ್ನಾದರೂ ಕೊಡಬೇಕು. ಏಕೆಂದರೆ ಗಾಳಿಯ ಒತ್ತಡ ವೇಗದ ವರ್ಗಕ್ಕೆ ಅನುಪಾತದಲ್ಲಿದೆ. ಗಾಳಿಯ ಸಾಂದ್ರತೆಯನ್ನು ಘನ ಮೀಟರಿಗೆ 1.1 ಕಿ.ಗ್ರಾಂ. ಎಂದು ಹಿಡಿದರೆ 40 ಕಿ.ಮೀ. ವೇಗದಲ್ಲಿ ಚದರ ಮೀಟರಿಗೆ ಸುಮಾರು 68 ನ್ಯೂಟನ್, 80 ಕಿ.ಮೀ. ವೇಗದಲ್ಲಿ 272 ನ್ಯೂಟನ್. ಹತ್ತು ಅಡಿ ಉದ್ದ ಮೂರು ಅಡಿ ಅಗಲದ ಒಂದು ತಗಡಿನ ಹಾಳೆಯನ್ನು ತೆಗೆದುಕೊಳ್ಳಿ. ಮೊದಲ ಸಂದರ್ಭದಲ್ಲಿ ಅದರ ಮೇಲೆ ಸುಮಾರು 19 ಕಿ.ಗ್ರಾಂ. ತೂಕದಷ್ಟು ಬಲ, ಎರಡನೆಯದರಲ್ಲಿ 78 ಕಿ.ಗ್ರಾಂ. ಮೊದಲನೆಯದಕ್ಕೆ ಮೇಲಿಟ್ಟ ಕಲ್ಲು ತಡೆದೀತು. ಎರಡನೆಯದಕ್ಕೆ ಕಲ್ಲೂ ಹಾಳೆಯೂ ಪಕ್ಕದ ಹೊಲದಲ್ಲಿರುತ್ತವೆ. ‘ಬಿರುಗಾಳಿ ಸಾಧ್ಯತೆ’ ಎಂದು ಓದಿದವನಿಗೆ ಈ ಎರಡರಲ್ಲಿ ಯಾವುದಕ್ಕೆ ಸಿದ್ಧನಾಗಬೇಕೆಂದು ತಿಳಿಯುವುದು ಹೇಗೆ?

ಈ ಸೀಮೆಯ ಗಾಳಿಗೆ ಇನ್ನೊಂದು ವಿಶೇಷವಿದೆ. ಮಳೆ ಕಡಿಮೆ ಇರುವ ಕಡೆ ಗಾಳಿಯ ಅಪಾಯವೂ ಕಡಿಮೆ ಎಂದು ಸಾಮಾನ್ಯವಾಗಿ ತಿಳಿಯುತ್ತಾರೆ. ಗುಡುಗು ಮೋಡದ ವಿಷಯದಲ್ಲಿ ಇದು ತಲೆಕೆಳಗು. ನೆಲದ ಬಳಿಯ ಉಷ್ಣತೆಗೂ ಇಬ್ಬನಿ ಬಿಂದುವಿಗೂ ಇರುವ ಅಂತರದ ಪ್ರತಿ ಡಿಗ್ರಿಗೆ ಮೋಡದ ತಳ ಸುಮಾರು 125 ಮೀ. ಮೇಲಕ್ಕೆ ಹೋಗುತ್ತದೆ. ಪಾವಗಡದಲ್ಲಿ ಒಂದು ಮಧ್ಯಾಹ್ನ ಉಷ್ಣತೆ 38 ಡಿಗ್ರಿ, ಇಬ್ಬನಿ ಬಿಂದು 18 ಡಿಗ್ರಿ ಎಂದಿಟ್ಟುಕೊಂಡರೆ ಮೋಡದ ತಳ 2,500 ಮೀ. ಎತ್ತರದಲ್ಲಿರುತ್ತದೆ. ಕೊರಟಗೆರೆಯಲ್ಲಿ ಅದೇ ದಿನ 34 ಮತ್ತು 22 ಎಂದಾದರೆ 1,500 ಮೀ. ಮೋಡದಿಂದ ಬಿದ್ದ ಹನಿ ಈ ಒಣ ಗಾಳಿಯ ಮೂಲಕ ಇಳಿಯುವಾಗ ಆವಿಯಾಗುತ್ತದೆ. ಒಂದು ಕಿ.ಗ್ರಾಂ. ಗಾಳಿಯಲ್ಲಿ ಒಂದು ಗ್ರಾಂ ನೀರು ಆವಿಯಾದರೆ, ಗುಪ್ತೋಷ್ಣವನ್ನು ಗಾಳಿಯೇ ತೆರಬೇಕಾದ್ದರಿಂದ, ಅದು 2.5 ಡಿಗ್ರಿ ತಣಿಯುತ್ತದೆ. ತಣ್ಣಗಾದ ಗಾಳಿ ಸುತ್ತಲಿನ ಬಿಸಿ ಗಾಳಿಗಿಂತ ಭಾರವಾಗಿ ಕಲ್ಲಿನಂತೆ ಕುಸಿಯುತ್ತದೆ. ಅಂತರ ಸರಾಸರಿ 3 ಡಿಗ್ರಿ ಎಂದಾದರೆ ಕೆಳಮುಖ ವೇಗೋತ್ಕರ್ಷ 9.8 × 3 ÷ 300, ಅಂದರೆ 0.098 ಮೀ./ಸೆ.². ಇದು 2,500 ಮೀ. ಇಳಿದಾಗ ವೇಗ ಸೆಕೆಂಡಿಗೆ 22 ಮೀ., ಗಂಟೆಗೆ ಸುಮಾರು 80 ಕಿ.ಮೀ. ತಳ 1,500 ಮೀ.ನಲ್ಲಿದ್ದರೆ 62 ಕಿ.ಮೀ. ಸುತ್ತಲಿನ ಗಾಳಿ ಬೆರೆಯುವುದರಿಂದ ನಿಜದಲ್ಲಿ ವೇಗ ಕುಗ್ಗಬಹುದು, ಬೀಳುವ ಹನಿಗಳ ಎಳೆತದಿಂದ ಹಿಗ್ಗಲೂಬಹುದು. ಆದರೆ ಲೆಕ್ಕ ಹೇಳುವ ದಿಕ್ಕು ಸ್ಪಷ್ಟ. ಕೆಳಗೆ ಬಡಿದ ಗಾಳಿ ನಾಲ್ಕೂ ಕಡೆಗೆ ಚೆಲ್ಲುತ್ತದೆ. ‘ಧೂಳು ಬಂತು, ಗಾಳಿ ಬಂತು, ಮಳೆ ಮಾತ್ರ ನಾಲ್ಕು ಹನಿ’ ಎಂದು ಆ ಕಡೆಯ ರೈತರು ಹೇಳುವುದು ಈ ಪ್ರಕ್ರಿಯೆಯ ತಪ್ಪಿಲ್ಲದ ವರ್ಣನೆ. ಇಂತಹ ಧುಮುಕುಗಾಳಿಯನ್ನು ಮೊದಲು ಗುರುತಿಸಿದವರು ಟೆಟ್ಸುಯಾ ಫುಜಿಟಾ. 1975ರಲ್ಲಿ ನ್ಯೂಯಾರ್ಕಿನಲ್ಲಿ ಇಳಿಯುತ್ತಿದ್ದ ವಿಮಾನವೊಂದರ ಅಪಘಾತದ ಅಧ್ಯಯನದಿಂದ ಅವರು ಈ ತೀರ್ಮಾನಕ್ಕೆ ಬಂದರು. ನಾಲ್ಕು ಕಿ.ಮೀ.ಗಿಂತ ಕಿರಿದಾದವನ್ನು ಅವರು ಪ್ರತ್ಯೇಕವಾಗಿಯೇ ವರ್ಗೀಕರಿಸಿದರು.

ಮಳೆಯನ್ನೇ ಮುಂದೆ ಮಾಡಿ ಗಾಳಿಯನ್ನು ‘ಹಾಗೂ’ ಎಂದು ಬಾಲಕ್ಕೆ ಕಟ್ಟುವ ವಾಕ್ಯ ಕೊರಟಗೆರೆಗೆ ಒಪ್ಪಬಹುದು, ಪಾವಗಡಕ್ಕೆ ಒಪ್ಪದು. ತಿರುಮಣಿಯ ಸುತ್ತ 13,000 ಎಕರೆಗಳಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರಫಲಕಗಳು ಹಬ್ಬಿರುವ ತಾಲ್ಲೂಕು ಅದು. ಅಲ್ಲಿ ಗಾಳಿಯೇ ಮೊದಲ ಸುದ್ದಿ.

ಸಿಡಿಲಿನ ಬಗ್ಗೆ ಒಂದೇ ಮಾತು. ಗುಡುಗು, ಮಿಂಚು, ಸಿಡಿಲು ಎಂದು ಸದ್ದಿಗೆ, ಬೆಳಕಿಗೆ, ಹೊಡೆತಕ್ಕೆ ಬೇರೆ ಬೇರೆ ಪದಗಳಿರುವ ಭಾಷೆ ನಮ್ಮದು. ಆದರೂ ಕೊಲ್ಲುವುದನ್ನು ಬಿಟ್ಟು ಸದ್ದು ಮಾಡುವುದನ್ನೇ ‘ಗುಡುಗು ಸಹಿತ’ ಎಂದು ಆರಿಸಿಕೊಂಡಿದ್ದೇವೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ ಸಿಡಿಲಿಗೆ ಸತ್ತವರು 2,887. ‘ಸಿಡಿಲು ಸಹಿತ ಮಳೆ’ ಎಂದು ಬರೆಯಲು ಯಾವ ಹೊಸ ಉಪಕರಣವೂ ಬೇಕಿಲ್ಲ.

ಹಳದಿ, ಕಿತ್ತಳೆ, ಕೆಂಪು ಬಣ್ಣಗಳು ಈ ಕೊರತೆಯನ್ನು ತುಂಬುತ್ತವೆ ಎಂದು ಕೆಲವರು ವಾದಿಸುತ್ತಾರೆ. ಅರ್ಧ ನಿಜ. ಬಣ್ಣ ನಿರ್ಧಾರವಾಗುವುದು ಸಂಭಾವ್ಯತೆ ಮತ್ತು ಪರಿಣಾಮ ಎರಡನ್ನೂ ಒಟ್ಟಿಗಿಟ್ಟು. ಖಚಿತವಾಗಿ ಬರುವ ಸಣ್ಣ ಗಾಳಿಗೂ ಹಳದಿ, ಬಂದರೆ ಬಹಳ ಕೆಡುಕು ಮಾಡುವ ಆದರೆ ಬರುವುದು ಅನುಮಾನವಾದ ಗಾಳಿಗೂ ಹಳದಿ. ಎರಡು ಸಂಖ್ಯೆಗಳನ್ನು ಒಂದಾಗಿಸಿದ ಮೇಲೆ ಮತ್ತೆ ಬಿಡಿಸಲಾಗದು.

ಜನರಿಗೆ ಶೇಕಡಾವಾರು ಅರ್ಥವಾಗುವುದಿಲ್ಲ ಎಂಬುದು ಇನ್ನೊಂದು ವಾದ. ನಾನು ಇದನ್ನು ಒಪ್ಪುವುದಿಲ್ಲ. ಮಧುಗಿರಿಯ ಒಬ್ಬ ರೈತ ಅಂಗಳದಲ್ಲಿ ಹುಣಸೆಹಣ್ಣು ಒಣಗಲು ಹಾಕಿದ್ದಾನೆ. ಬಳಿದು ತುಂಬಿ ಟಾರ್ಪಾಲು ಮುಚ್ಚಲು ಆಳಿನ ಖರ್ಚು 300 ರೂಪಾಯಿ. ನೆನೆದರೆ ನಷ್ಟ 3,000 ರೂಪಾಯಿ. ಸಂಭಾವ್ಯತೆ ಶೇ. 10ನ್ನು ಮೀರಿದ ದಿನವೆಲ್ಲ ಮುಚ್ಚುವುದೇ ಅವನಿಗೆ ಲಾಭ. ಪಕ್ಕದ ಮನೆಯವನು ಮದುವೆಗೆ ಶಾಮಿಯಾನ ಹಾಕಿಸಬೇಕು. ಕಲ್ಯಾಣ ಮಂಟಪಕ್ಕೆ ಬದಲಾಯಿಸುವ ಖರ್ಚು 40,000, ಗಾಳಿಗೆ ಶಾಮಿಯಾನ ಹಾರಿದರೆ ನಷ್ಟ 80,000. ಅವನಿಗೆ ಶೇ. 50 ದಾಟಬೇಕು. ಒಂದೇ ಶೇ. 30ರ ಮುನ್ಸೂಚನೆ ಒಬ್ಬನಿಗೆ ‘ಮುಚ್ಚು’ ಎನ್ನುತ್ತದೆ, ಇನ್ನೊಬ್ಬನಿಗೆ ‘ಹಾಕು’ ಎನ್ನುತ್ತದೆ. ಸಾಲ, ಬಡ್ಡಿ, ಚೀಟಿಗಳ ಲೆಕ್ಕ ಬಾಯಲ್ಲೇ ಮಾಡುವ ಜನ ಇದನ್ನು ಮಾಡಲಾರರೆ? ‘ಸಾಧ್ಯತೆ ಇದೆ’ ಎಂಬುದು ಇಬ್ಬರಿಗೂ ಏನನ್ನೂ ಹೇಳುವುದಿಲ್ಲ.

ಅಂಕಿ ಕೊಟ್ಟರೆ ತಾಳೆ ನೋಡಬೇಕಾಗುತ್ತದೆ. ಬಹುಶಃ ಹಿಂಜರಿಕೆಯ ಮೂಲ ಇಲ್ಲಿದೆ. ಅಮೆರಿಕದ ಸೈನ್ಯದ ಹವಾಮಾನ ಸೇವೆಯಲ್ಲಿದ್ದ ಜಾನ್ ಫಿನ್ಲಿ 1884ರಲ್ಲಿ ಸುಂಟರಗಾಳಿಯ ಬಗ್ಗೆ ತಾನು ಮಾಡಿದ 2,803 ಮುನ್ಸೂಚನೆಗಳಲ್ಲಿ ಶೇ. 96.6 ನಿಜವಾದವೆಂದು ಪ್ರಕಟಿಸಿದ. ಅವುಗಳಲ್ಲಿ ‘ಬರುತ್ತದೆ’ ಎಂದು ಹೇಳಿ ಬಂದದ್ದು 28, ಹೇಳಿ ಬಾರದೇ ಹೋದದ್ದು 72, ಹೇಳದೆ ಬಂದದ್ದು 23. ಉಳಿದ 2,680 ಸಲ ‘ಬರುವುದಿಲ್ಲ’ ಎಂದ, ಬರಲಿಲ್ಲ. ಭೂವಿಜ್ಞಾನಿ ಗಿಲ್ಬರ್ಟ್ ಮುಂತಾದವರು ಕೂಡಲೇ ಇದರ ಪೊಳ್ಳನ್ನು ಬಯಲು ಮಾಡಿದರು. ಪ್ರತಿ ದಿನ ಕಣ್ಣು ಮುಚ್ಚಿ ‘ಬರುವುದಿಲ್ಲ’ ಎಂದಿದ್ದರೆ ಶೇ. 98.2 ಸರಿಯಾಗುತ್ತಿತ್ತು! ಅಂದಿನಿಂದ ಮುನ್ಸೂಚನೆಯನ್ನು ಅಳೆಯಲು ಬಂದವುಗಳಲ್ಲಿ ಎರಡು ಅನುಪಾತಗಳು ಸರಳ ಮತ್ತು ಪ್ರಾಮಾಣಿಕ. ಬಂದವುಗಳಲ್ಲಿ ಎಷ್ಟನ್ನು ಹೇಳಿದ್ದರು ಎಂಬುದು ಒಂದು: ಫಿನ್ಲಿಗೆ 51ರಲ್ಲಿ 28. ಹೇಳಿದವುಗಳಲ್ಲಿ ಎಷ್ಟು ಹುಸಿಯಾದವು ಎಂಬುದು ಇನ್ನೊಂದು: ನೂರರಲ್ಲಿ 72.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಿಗೆ ಈ ಎರಡು ಅನುಪಾತಗಳನ್ನು ವರ್ಷಕ್ಕೊಮ್ಮೆ ಕನ್ನಡದಲ್ಲಿ ಪ್ರಕಟಿಸಬೇಕೆಂಬುದು ನನ್ನ ಮುಖ್ಯ ಒತ್ತಾಯ. ಮಳೆಯ ಮಟ್ಟಿಗೆ ಸಾಮಗ್ರಿ ಸಿದ್ಧವಿದೆ. 1988ರಲ್ಲಿ ಬರ ಉಸ್ತುವಾರಿಗೆಂದು ಹುಟ್ಟಿದ, ಈಗ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೆಂದು ಹೆಸರಾಗಿರುವ ಸಂಸ್ಥೆ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ 6,000ಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳನ್ನಿಟ್ಟಿದೆ. ಇಂತಹ ದಟ್ಟ ಜಾಲ ದೇಶದಲ್ಲಿ ಅಪರೂಪ. ಈ ನಾಲ್ಕು ತಾಲ್ಲೂಕುಗಳಲ್ಲೇ ನೂರಕ್ಕೂ ಹೆಚ್ಚು ಪಂಚಾಯಿತಿಗಳಿವೆ. ಮುನ್ಸೂಚನೆಯ ದಿನಾಂಕಗಳನ್ನು ಈ ಮಾಪಕಗಳ ದಾಖಲೆಯ ಪಕ್ಕದಲ್ಲಿಡಲು ಒಬ್ಬ ಎಂ.ಎಸ್ಸಿ. ವಿದ್ಯಾರ್ಥಿ ಸಾಕು. ಗಾಳಿಯ ಸ್ಥಿತಿ ಹಾಗಿಲ್ಲ. ಹವಾಮಾನ ಮಾಪನ ಹೋಬಳಿಗೆ ಒಂದರಂತೆ. ದೊಡ್ಡೇರಿ, ಮಿಡಿಗೇಶಿ, ನಾಗಲಮಡಿಕೆ, ಹುಲಿಕುಂಟೆ ಎಲ್ಲ ಸೇರಿ ಇಲ್ಲಿನ ಹೋಬಳಿಗಳು 19. ಪ್ರತಿಯೊಂದರ ಪಾಲಿಗೆ ಸರಾಸರಿ 240 ಚದರ ಕಿ.ಮೀ. ಬರುತ್ತದೆ. ನಾಲ್ಕು ಕಿ.ಮೀ. ಅಗಲದ ಧುಮುಕುಗಾಳಿ ಈ ಮಾಪಕಗಳ ನಡುವೆ ಯಾರಿಗೂ ಸಿಗದೆ ನುಸುಳಿಹೋಗುತ್ತದೆ. ಮರುದಿನ ತಹಶೀಲ್ದಾರರ ಕಚೇರಿಯ ನಷ್ಟದ ಪಟ್ಟಿಯೇ ಅದರ ಏಕೈಕ ದಾಖಲೆ.

ಪಾವಗಡಕ್ಕೆ ಮತ್ತೊಂದು ತೊಡಕಿದೆ. ಮೂರು ಕಡೆಯಿಂದ ಆಂಧ್ರಪ್ರದೇಶ ಸುತ್ತುವರಿದಿರುವ ಈ ತಾಲ್ಲೂಕು ಹವಾಮಾನ ಇಲಾಖೆಯ ಭೂಪಟದಲ್ಲಿ ‘ದಕ್ಷಿಣ ಒಳನಾಡು ಕರ್ನಾಟಕ’ದ ಅಂಚು. ಗಡಿಯಾಚೆ ‘ರಾಯಲಸೀಮಾ’ ಎಂಬ ಬೇರೆ ಉಪವಿಭಾಗ, ಬೇರೆ ಕೇಂದ್ರ, ಬೇರೆ ಭಾಷೆಯ ಪ್ರಕಟಣೆ. ಮಡಕಶಿರಾದಲ್ಲಿ ಎದ್ದ ಮೋಡ ಅರ್ಧ ಗಂಟೆಯಲ್ಲಿ ಈಚೆ ಬರಬಹುದು. ಗಡಿ ಹಳ್ಳಿಗಳವರು ಎರಡೂ ಪ್ರಕಟಣೆಗಳನ್ನು ನೋಡುವುದು ಒಳ್ಳೆಯದು. ಎರಡೂ ಭಾಷೆ ಬಲ್ಲವರು ಅಲ್ಲಿ ಬೇಕಾದಷ್ಟು ಮಂದಿ ಇದ್ದಾರೆ.

ಟೀಕಿಸಿದ ಮೇಲೆ ಬದಲಿ ವಾಕ್ಯವನ್ನೂ ಬರೆದು ತೋರಿಸಬೇಕಲ್ಲ. ಹಿಂದಿನ ದಿನದ ಮುನ್ಸೂಚನೆ ಹೀಗಿರಬಹುದು: ‘ನಾಳೆ ಮಧ್ಯಾಹ್ನ 3ರಿಂದ ರಾತ್ರಿ 9ರೊಳಗೆ ತುಮಕೂರು ಜಿಲ್ಲೆಯ ಉತ್ತರ ಭಾಗದ ಒಂದೆರಡು ಕಡೆ ಸಿಡಿಲು ಸಹಿತ ಮಳೆಯ ಸಂಭಾವ್ಯತೆ ಶೇ. 40. ಮಳೆ ಕಡಿಮೆಯಿದ್ದರೂ ಗಂಟೆಗೆ 50–60 ಕಿ.ಮೀ. ಗಾಳಿ ಬೀಸಬಹುದು.’ ತಾಲ್ಲೂಕುಗಳ ಹೆಸರು ಅಂದಿನ ಸಂಜೆಯ ಮೂರು ಗಂಟೆಗಳ ಸೂಚನೆಗೆ ಇರಲಿ. ಈ ವಾಕ್ಯ ತಪ್ಪಾಗಬಲ್ಲದು. ಅದರ ಗುಣವೇ ಅದು.

ಶಿಕ್ಷಕರು ತಾಳೆ ನೋಡುವ ಕೆಲಸವನ್ನು ಮಕ್ಕಳಿಂದ ಮಾಡಿಸಬಹುದು. ಒಂದು ಅಡಚಣೆ, ಮುಂಗಾರು ಪೂರ್ವದ ಗುಡುಗಿನ ಕಾಲಕ್ಕೆ ಶಾಲೆಗಳಿಗೆ ಬೇಸಿಗೆ ರಜೆ. ರಜೆಯ ಕೆಲಸವಾಗಿ ಕೊಡಬಹುದು, ಇಲ್ಲವೇ ಸೆಪ್ಟೆಂಬರ್–ಅಕ್ಟೋಬರಿನ ಗುಡುಗು ಮಳೆಗೆ ಕಾಯಬಹುದು. ಪ್ರತಿ ದಿನ ನಾಲ್ಕು ಕಲಮುಗಳಲ್ಲಿ ಒಂದಕ್ಕೆ ಗುರುತು: ಹೇಳಿದರು–ಬಂತು, ಹೇಳಿದರು–ಬರಲಿಲ್ಲ, ಹೇಳಲಿಲ್ಲ–ಬಂತು, ಹೇಳಲಿಲ್ಲ–ಬರಲಿಲ್ಲ. ಗಾಳಿಗೆ ಉಪಕರಣವಿಲ್ಲದಿದ್ದರೆ ಬ್ಯೂಫೋರ್ಟ್ ಮಾಪಕ ಸಾಕು. ದೊಡ್ಡ ಕೊಂಬೆಗಳು ಅಲುಗಾಡಿ ಕೊಡೆ ಹಿಡಿಯುವುದು ಕಷ್ಟವಾದರೆ 39–49 ಕಿ.ಮೀ., ಇಡೀ ಮರ ತೊನೆದರೆ 50–61, ಸಣ್ಣ ರೆಂಬೆಗಳು ಮುರಿದು ಬಿದ್ದರೆ 62–74, ಹೆಂಚು ಹಾರಿದರೆ 75–88. ಆದರೆ ಈ ವೀಕ್ಷಣೆಯನ್ನು ಮನೆಯೊಳಗಿನಿಂದಲೇ ಮಾಡಬೇಕು. ಮಿಂಚಿಗೂ ಗುಡುಗಿಗೂ ನಡುವೆ 30 ಸೆಕೆಂಡು ಎಣಿಸಲಾಗದಿದ್ದರೆ ಸಿಡಿಲು ಹತ್ತು ಕಿ.ಮೀ.ಗಿಂತ ಹತ್ತಿರದಲ್ಲಿದೆ ಎಂದರ್ಥ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆಯಾಗುವವರೆಗೆ ಮುರಿದ ಕೊಂಬೆ ನೋಡಲು ಯಾರೂ ಹೊರಗೆ ಹೋಗಬಾರದು.